ನಲವತ್ತೆಂಟನೆಯ ಕಲಮು: ರಾಯಭಾರ ಕಚೇರಿಗಳಿಗೆ ಬರೆದ ನನ್ನ ಅನುಭವ

ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಬೆಳೆದು, ಅಮೆರಿಕದ ವರ್ಮಾಂಟಿನಲ್ಲಿ ಸಂಗೀತ ಓದಿ, ಟಿಬೆಟಿನ ಹಳ್ಳಿಹಾಡುಗಳನ್ನು ಚಿತ್ರೀಕರಿಸಲು ಹೋದ ನ್ಗವಾಂಗ್ ಚೋಫೆಲ್ ಅವರನ್ನು ಚೀನಾ 1995ರಲ್ಲಿ ಬಂಧಿಸಿ, ಮರುವರ್ಷದ ಡಿಸೆಂಬರಿನಲ್ಲಿ ಗೂಢಚಾರಿಕೆಯ ಆರೋಪದ ಮೇಲೆ 18 ವರ್ಷಗಳ ಶಿಕ್ಷೆ ವಿಧಿಸಿತು. ಅವರ ಪರವಾಗಿ ನಾನು ದೆಹಲಿಯಲ್ಲಿರುವ ಬೇರೆ ಬೇರೆ ದೇಶಗಳ ರಾಯಭಾರ ಕಚೇರಿಗಳಿಗೆ ಬರೆಯಲಾರಂಭಿಸಿದಾಗ ಝೆರಾಕ್ಸ್ ಅಂಗಡಿಯವರು, "ಮಾಸ್ತರ್ರ, ನಿಮ್ಮ ಕಾಗದಕ್ಕ ಚೀನಾದವ್ರು ಅಂಜತಾರೇನ್ರೀ?" ಎಂದು ನಕ್ಕಿದ್ದರು.

ಮೊದಲೆರಡು ವರ್ಷ ಅವರ ನಗೆಯೇ ಗೆದ್ದಿತು. 1959ರಲ್ಲಿ ದಲಾಯಿ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದ ಕಥೆಯಿಂದ ಹಿಡಿದು ನಾಲ್ಕು ಪುಟ ಟೈಪು ಮಾಡಿ ಸುಮಾರು 60 ಲಕೋಟೆ ಕಳುಹಿಸಿದೆ. ಬಂದವು ಮೂರು ಉತ್ತರ, ಮೂರೂ ಪತ್ರ ತಲುಪಿದೆಯೆಂಬ ಅಚ್ಚಿನ ಸಾಲು. ಮುನ್ನೂರು ಸಹಿಗಳ ಮನವಿಗೆ ಅದೂ ಬರಲಿಲ್ಲ. ಟೈಪು, ಅಂಚೆ, ಎಸ್‌ಟಿಡಿ ಬೂತಿನ ಫ್ಯಾಕ್ಸು ಸೇರಿ ಆರೇಳು ಸಾವಿರ ರೂಪಾಯಿ ಹೋಗಿರಬೇಕು. ನಡುವೆ, ವಾಣಿಜ್ಯ ವಿಭಾಗದ ಅಧಿಕಾರಿಗಳಿಗೆ ಕನ್ನಡದಲ್ಲೇ ಬರೆದು ಅನುವಾದ ಲಗತ್ತಿಸುವ ಪ್ರಯೋಗವನ್ನೂ ಮಾಡಿದೆ. ಅದನ್ನು ಯಾರೂ ಅನುಸರಿಸುವುದು ಬೇಡ.

ದಾರಿ ತೋರಿಸಿದ್ದು ಚೋಫೆಲ್ ಅವರ ತಾಯಿ ಸೋನಂ ಡೆಕಿ. ಮಗನ ಭಾವಚಿತ್ರ ಹಿಡಿದು ದೆಹಲಿಯ ಜಂತರ್ ಮಂತರಿನಲ್ಲಿ ಕುಳಿತಿದ್ದ ಆಕೆ ಮಗನನ್ನು ಒಮ್ಮೆ ನೋಡಲು ಬಿಡಿ ಎಂದು ಕೇಳುತ್ತಿದ್ದರು. ಚೀನಾದ 1994ರ ಕಾರಾಗೃಹ ಕಾಯ್ದೆಯ 48ನೆಯ ಕಲಮು ಕೈದಿಗೆ ಬಂಧುಗಳ ಭೇಟಿಯನ್ನು ಒಪ್ಪುತ್ತದೆ. ರಾಯಭಾರಿಯ ಸಹಾಯಕನಿಗೆ ಬೇಕಾದದ್ದು ಇತಿಹಾಸವಲ್ಲ, ತನ್ನ ಮೇಲಧಿಕಾರಿಯ ಕಡತಕ್ಕೆ ಸೇರಿಸಬಹುದಾದ ಒಂದು ಸಾಲು ಎಂಬುದು ಆಗ ನನಗೆ ಹೊಳೆಯಿತು. ಒಂದೇ ಹಾಳೆ, ಒಂದೇ ಹೆಸರು, 48ನೆಯ ಕಲಮು, ಕೊನೆಗೆ ಹೌದು ಅಥವಾ ಇಲ್ಲ ಎಂದೇ ಉತ್ತರಿಸಬೇಕಾದ ಒಂದು ಪ್ರಶ್ನೆ. ಬಿಡುಗಡೆಯ ಮಾತು ಎರಡನೆಯ ಪತ್ರಕ್ಕೆ. ಚೀನಾದ ನಾಯಕರೊಡನೆ ಮಾತುಕತೆ ನಿಗದಿಯಾದ ದೇಶಗಳಿಗೆ ಮಾತ್ರ, ಮೂರು ವಾರ ಮೊದಲು ಕಳುಹಿಸುತ್ತಿದ್ದೆ. ಲಕೋಟೆಯ ಮೇಲೆ ಯಾವ ಅಧಿಕಾರಿಯ ಹುದ್ದೆ ಬರೆಯುತ್ತಿದ್ದೆನೆಂಬುದನ್ನು ಮಾತ್ರ ಇಲ್ಲಿ ಹೇಳಲಾರೆ.

ಹತ್ತು ಪತ್ರಗಳಿಗೆ ನಾಲ್ಕು ಉತ್ತರ ಬಂದವು. ಒಂದರಲ್ಲಿ ಕಲಮಿನ ಸಂಖ್ಯೆಯೂ ಇತ್ತು. 2000ದ ಆಗಸ್ಟಿನಲ್ಲಿ ತಾಯಿಗೆ ಮಗನ ಭೇಟಿಯಾಯಿತು. 2002ರ ಜನವರಿಯಲ್ಲಿ, ಅಮೆರಿಕದ ಅಧ್ಯಕ್ಷ ಬುಷ್ ಬೀಜಿಂಗಿಗೆ ಹೋಗುವ ತಿಂಗಳ ಮುಂಚೆ, ಅನಾರೋಗ್ಯದ ಕಾರಣ ನೀಡಿ ಚೋಫೆಲ್ ಅವರನ್ನು ಬಿಟ್ಟರು. ವರ್ಮಾಂಟಿನ ಸೆನೆಟರುಗಳಾದ ಲೇಹಿ ಮತ್ತು ಜೆಫರ್ಡ್ಸ್ ಅವರ ಪಟ್ಟಿನ ಮುಂದೆ ನನ್ನ ಹಾಳೆಗಳು ಎಷ್ಟರವು ಎಂಬುದು ನನಗೆ ಗೊತ್ತು. ಆದರೂ ಆ ಕಲಮಿನ ಉತ್ತರಪತ್ರದ ಪ್ರತಿ ತೆಗೆಸಲು ಹೋದಾಗ ಝೆರಾಕ್ಸಿನವರು ದುಡ್ಡು ತೆಗೆದುಕೊಳ್ಳಲಿಲ್ಲ.