ಐಸಿ ಕೂರಿಸುವ ಮೊದಲು ಮೀಟರ್ ಹಿಡಿಯಿರಿ

ಮನೆಯಲ್ಲೇ ಮಾಡ್ಯುಲರ್ ಸಿಂಥ್ (ಬಿಡಿ ಬಿಡಿ ಮಾಡ್ಯೂಲ್ ಜೋಡಿಸಿ ಸದ್ದು ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ) ಕಟ್ಟಲು ಹೊರಟವರಿಗೆ ಒಂದು ಮಾತು. ಆಸಿಲೇಟರ್, ಫಿಲ್ಟರ್ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಪವರ್ ಕೇಬಲ್ ಕಡೆ ನೋಡಿ. ನನ್ನ ಮೊದಲ ಮಾಡ್ಯೂಲ್ ಸತ್ತಿದ್ದು ಅಲ್ಲೇ. ರಿಬ್ಬನ್ ಕೇಬಲ್ ಉಲ್ಟಾ ಚುಚ್ಚಿದ್ದೆ. ಸುಟ್ಟ ವಾಸನೆ ಬಂತು, ಐಸಿ (ಚಿಪ್) ಮುಟ್ಟಿದರೆ ಬೆರಳು ಚುರ್ ಅಂತು.

ಯೂರೋರ್‍ಯಾಕ್ ಅನ್ನುವ ಮಾಡ್ಯುಲರ್ ಸಿಂಥ್ ಮಾದರಿಯ ಕೇಬಲ್‌ನಲ್ಲಿ ಕೆಂಪು ಗೆರೆ ಇರುವ ಬದಿ ಮೈನಸ್ 12 ವೋಲ್ಟ್. ಕೆಂಪು ಅಂದರೆ ಪ್ಲಸ್ ಅಂತಲೇ ನಮಗೆ ಅಭ್ಯಾಸ ಅಲ್ವಾ, ಎಡವುವುದು ಅಲ್ಲೇ. ಬೋರ್ಡ್ ಮೇಲೂ ಆ ಬದಿಗೆ ಮಾರ್ಕರ್‌ನಲ್ಲಿ ಗೆರೆ ಎಳೆದುಬಿಡಿ.

ಐಸಿಯನ್ನು ನೇರವಾಗಿ ಬೆಸೆಯಬೇಡಿ, ಸಾಕೆಟ್ ಹಾಕಿ. ಸಾಕೆಟ್ ಖಾಲಿ ಇರುವಾಗಲೇ ಪವರ್ ಕೊಟ್ಟು, ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ಗ್ರೌಂಡ್‌ಗೆ ಹಿಡಿದು ಅಳೆಯಿರಿ. ಟಿಎಲ್072 ಅನ್ನುವ ಐಸಿಯ ಸಾಕೆಟ್ ಆದರೆ 8ನೇ ಪಿನ್‌ನಲ್ಲಿ ಪ್ಲಸ್ 12, 4ನೇ ಪಿನ್‌ನಲ್ಲಿ ಮೈನಸ್ 12 ಬರಬೇಕು. ಸರಿ ಇದ್ದರೆ ಪವರ್ ತೆಗೆದು ಐಸಿ ಕೂರಿಸಿ.

ಎರಡೂ ಲೈನ್‌ಗೆ ಒಂದೊಂದು 1ಎನ್5817 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಹಾಕಿದರೆ ಕೇಬಲ್ ಉಲ್ಟಾ ಆದರೂ ಕರೆಂಟ್ ಒಳಗೆ ಹೋಗುವುದಿಲ್ಲ. ಪ್ಲಸ್ ಲೈನ್‌ನಲ್ಲಿ ಡಯೋಡ್‌ನ ಪಟ್ಟಿ ಇರುವ ತುದಿ ಸರ್ಕ್ಯೂಟ್ ಕಡೆಗೆ, ಮೈನಸ್ ಲೈನ್‌ನಲ್ಲಿ ಪವರ್ ಕಡೆಗೆ. ಆಗ ವೋಲ್ಟ್ ಒಂಚೂರು ಕಡಿಮೆ ತೋರಿಸುತ್ತದೆ, ಗಾಬರಿ ಬೇಡ.