ಲೆಕ್ಕದ ಪುಸ್ತಕ ಮಕ್ಕಳ ಮುಂದಿರಲಿ

ಗಂಡನಿಂದ ಬೇರೆಯಾಗಿ, ಹೆಣ್ಣುಮಕ್ಕಳೊಂದಿಗೆ ಹೊಸದಾಗಿ ಸಂಸಾರ ಹೂಡಿರುವ ಮಗಳೇ, ಮೊದಲು ಒಂದು ನೋಟ್‌ಬುಕ್ ತಂದಿಟ್ಟುಕೋ. ಕೈಯಿಂದ ಹೋದ ಪ್ರತಿ ಕಾಸನ್ನೂ ಅದೇ ರಾತ್ರಿ ಬರೆ. ಮೊದಲ ತಿಂಗಳು ಏನನ್ನೂ ಕಡಿಮೆ ಮಾಡಲು ಹೋಗಬೇಡ, ಬರೆದರೆ ಸಾಕು. ದುಡ್ಡು ಸೋರುವ ಜಾಗ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಮುಂದಿನ ಸಂಬಳದಲ್ಲಿ ಬಾಡಿಗೆ, ದಿನಸಿ, ವಿದ್ಯುತ್, ಔಷಧಿ, ಕೆಲಸಕ್ಕೆ ಹೋಗಿಬರುವ ಖರ್ಚು ಇಷ್ಟನ್ನು ಮೊದಲು ತೆಗೆದಿಡು.

ನಿನ್ನೊಬ್ಬಳ ಹೆಸರಿನಲ್ಲೇ ಖಾತೆ ತೆರೆ. ಹಳೆಯ ಖಾತೆಗಳ ಪಿನ್, ನಾಮಿನಿ ಎರಡನ್ನೂ ಬದಲಿಸು. ಇಬ್ಬರೂ ಸೇರಿ ಸಹಿ ಹಾಕಿದ ಸಾಲ, ಬೇರೆಯಾದ ಮಾತ್ರಕ್ಕೆ ನಿನ್ನನ್ನು ಬಿಡುವುದಿಲ್ಲ. ಕಟ್ಟಲಾಗದು ಅನ್ನಿಸಿದರೆ ಕಂತು ತಪ್ಪುವ ಮೊದಲೇ ಸಾಲ ಕೊಟ್ಟವರ ಬಳಿ ಹೋಗಿ ಮಾತಾಡು. ಶಾಲೆಯ ಶುಲ್ಕಕ್ಕೂ ಹಾಗೆಯೇ, ಗಡುವಿಗೆ ಮುಂಚೆ ಲಿಖಿತವಾಗಿ ಕಾಲಾವಕಾಶ ಕೇಳು. ಕ್ರೆಡಿಟ್ ಕಾರ್ಡಿಗೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಬಾಕಿಯ ಮೇಲೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಇವೆಲ್ಲಕ್ಕಿಂತ ಕಷ್ಟವಾದದ್ದು ಮಕ್ಕಳೊಂದಿಗೆ ದುಡ್ಡಿನ ಮಾತಾಡುವುದು. ಇಂಥದೇ ದಿನಗಳಲ್ಲಿ ನಾನು ಏನೂ ಹೇಳದೆ ನಗುಮುಖ ಹೊತ್ತು ಓಡಾಡುತ್ತಿದ್ದೆ. ಒಂದು ಸಂಜೆ ದೊಡ್ಡವಳ ಹಿಮ್ಮಡಿಯಲ್ಲಿ ಗುಳ್ಳೆ ಒಡೆದು ಕಾಲುಚೀಲ ಅಂಟಿಕೊಂಡಿತ್ತು. ಶೂ ಬಿಗಿಯಾಗಿ ಎರಡು ತಿಂಗಳಾಗಿದ್ದರೂ ಅವಳು ಬಾಯಿ ಬಿಟ್ಟಿರಲಿಲ್ಲ. ನನ್ನ ಮೌನದಿಂದ ಅವಳು ಕಲಿತದ್ದು ಅದು. ಅಂದಿನಿಂದ ಪ್ರತಿ ಭಾನುವಾರ ಲೆಕ್ಕದ ಪುಸ್ತಕವನ್ನು ಇಬ್ಬರ ಮುಂದೆಯೂ ಬಿಡಿಸಿಟ್ಟೆ. ಇಷ್ಟಿದೆ, ಇಷ್ಟು ಬೇಕು, ಊಟಕ್ಕೂ ಓದಿಗೂ ಭಯವಿಲ್ಲ ಎಂದೆ. ನೀನೂ ಹಾಗೆ ಹೇಳು, ನಿಜವಿದ್ದಷ್ಟನ್ನೇ ಹೇಳು. ಆದರೆ ಅಪ್ಪನ ಹತ್ತಿರ ದುಡ್ಡು ಕೇಳಿ ಬಾ ಎಂದು ಅವರನ್ನು ಯಾವತ್ತೂ ಕಳುಹಿಸಬೇಡ. ದೊಡ್ಡವರ ವ್ಯವಹಾರ ದೊಡ್ಡವರ ನಡುವೆಯೇ ಇರಲಿ. ದೊಡ್ಡ ಮಗಳನ್ನು ಮನೆಯ ಎರಡನೇ ತಾಯಿಯನ್ನಾಗಿಯೂ ಮಾಡಬೇಡ, ಅವಳಿಗೂ ಆಡುವ ಸಂಜೆಗಳು ಬೇಕು.

ಬಟ್ಟೆ ಹೊಲಿಸುವಾಗ ಅಂಚನ್ನು ನಾಲ್ಕು ಬೆರಳಷ್ಟು ಒಳಗೆ ಮಡಚಿಸು. ಉದ್ದ ಸಾಲದಾದಾಗ ಬಿಚ್ಚಿ, ಹಳೆಯ ಮಡಿಕೆಯ ಗೆರೆಗೆ ನೀರು ಬೆರೆಸಿದ ಬಿಳಿ ವಿನೆಗರ್ ಸವರಿ ಇಸ್ತ್ರಿ ಮಾಡಿದರೆ ಗೆರೆ ಬಹುಮಟ್ಟಿಗೆ ಮಾಯವಾಗುತ್ತದೆ. ಬಣ್ಣ ಬಿಡುತ್ತದೆಯೇ ಎಂದು ಒಳಮೂಲೆಯಲ್ಲಿ ಮೊದಲು ನೋಡಿಕೋ. ಅಕ್ಕನ ಉಡುಪು ತಂಗಿಗೆ ಬರುವಾಗ ಹೊಸ ಗುಂಡಿಗಳನ್ನು ತಂಗಿಯೇ ಆರಿಸಲಿ. ನನ್ನ ಚಿಕ್ಕವಳು ಕೆಂಪು ಗುಂಡಿ ಆರಿಸಿ, ಇದು ನನ್ನದೇ ಎಂದು ಆ ಅಂಗಿಯನ್ನು ಹರಿಯುವವರೆಗೂ ತೊಟ್ಟಳು.