ದಸರಾ ರಜೆಗೆ ಸೆರೆಂಗೆಟಿ: ನಾವು ಪ್ಲ್ಯಾನ್ ಮಾಡಿದ ಬಗೆ

ವಿಲ್ಡಬೀಸ್ಟ್ (ದನದ ಹಾಗೆ ಕಾಣುವ ದೊಡ್ಡ ಹುಲ್ಲೆ) ಹಿಂಡುಗಳ ವಲಸೆ ನೋಡುವ ನಮ್ಮ ಮನೆಯ ಆಫ್ರಿಕಾ ಪ್ಲ್ಯಾನ್ ಶುರುವಾಗಿದ್ದು ಮಗಳ ಶಾಲೆಯ ರಜೆ ಪಟ್ಟಿಯಿಂದ. ಬೇಸಿಗೆ ರಜೆ ಉದ್ದ ಇದೆ, ಏಪ್ರಿಲ್-ಮೇಯಲ್ಲಿ ಹೋಗಿಬರೋಣ ಅಂತ ಮನೆಯವರ ಲೆಕ್ಕ. ಆದರೆ ಪೂರ್ವ ಆಫ್ರಿಕಾದಲ್ಲಿ ದೊಡ್ಡ ಮಳೆ ಬೀಳುವುದೇ ಆಗ. ದಾರಿಯೆಲ್ಲ ಕೆಸರು, ಎಷ್ಟೋ ಕ್ಯಾಂಪ್‌ಗಳು ಬಾಗಿಲು ಹಾಕಿರುತ್ತವೆ. ಫೆಬ್ರವರಿ ಚೆನ್ನಾಗಿರುತ್ತದೆ, ಆದರೆ ಅದು ಪರೀಕ್ಷೆಯ ಹೊತ್ತು. ಆಗಸ್ಟ್‌ನಲ್ಲಿ ರಜೆ ಸಿಗುವುದಿಲ್ಲ. ಉಳಿದಿದ್ದು ದಸರಾ ರಜೆ.

ನೋಡಿದರೆ ಅದೇ ಒಳ್ಳೆಯ ಸಮಯ! ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರಗಳಲ್ಲಿ ವಿಲ್ಡಬೀಸ್ಟ್ ಹಿಂಡುಗಳು ಇನ್ನೂ ಮಾರಾ ನದಿಯ ಆಚೆ-ಈಚೆ ಇರುತ್ತವೆ. ಜುಲೈ-ಆಗಸ್ಟ್‌ನ ಜನಜಂಗುಳಿ ಸ್ವಲ್ಪ ಇಳಿದಿರುತ್ತದೆ. ಕರ್ನಾಟಕದ ಶಾಲೆ ಮಕ್ಕಳಿರುವ ಮನೆಗೆ ಇದಕ್ಕಿಂತ ಸರಿಯಾದ ಹೊಂದಾಣಿಕೆ ನನಗೆ ಕಾಣಲಿಲ್ಲ.

ಈ ವಲಸೆ ಅನ್ನುವುದು ಒಂದು ದಿನ ನಡೆಯುವ ಜಾತ್ರೆಯಲ್ಲ. ಇದು ಮೊದಲು ತಲೆಗೆ ಹೋಗಬೇಕು. ಹದಿಮೂರು ಲಕ್ಷಕ್ಕೂ ಹೆಚ್ಚು ವಿಲ್ಡಬೀಸ್ಟ್, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ, ಗಜೆಲ್‌ಗಳು ವರ್ಷವಿಡೀ ಮಳೆ-ಹುಲ್ಲಿನ ಬೆನ್ನು ಹತ್ತಿ ಸುತ್ತುತ್ತಲೇ ಇರುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ದಕ್ಷಿಣದ ನ್ದೂಟು ಬಯಲಿನಲ್ಲಿ. ಅಲ್ಲಿನ ಮಣ್ಣು ಹಳೆಯ ಜ್ವಾಲಾಮುಖಿಗಳ ಬೂದಿ. ಹುಲ್ಲು ಗಿಡ್ಡ, ಆದರೆ ಕ್ಯಾಲ್ಸಿಯಂ, ರಂಜಕ ತುಂಬಿದ್ದು. ಹಾಲೂಡುವ ತಾಯಂದಿರಿಗೆ ಬೇಕಾದ್ದೇ ಅದು. ಫೆಬ್ರವರಿ ಆಸುಪಾಸಿನ ಎರಡು-ಮೂರು ವಾರಗಳಲ್ಲೇ ಹೆಚ್ಚಿನ ಮರಿಗಳು ಹುಟ್ಟುತ್ತವೆ. ಆಮೇಲೆ ಆ ಬಯಲು ಒಣಗುತ್ತದೆ. ಹಿಂಡು ವಾಯವ್ಯಕ್ಕೆ ಸರಿದು ಜೂನ್ ಹೊತ್ತಿಗೆ ಗ್ರುಮೆಟಿ ನದಿ, ಜುಲೈ ನಂತರ ಮಾರಾ ನದಿ ತಲುಪುತ್ತದೆ. ನವೆಂಬರ್‌ನ ಸಣ್ಣ ಮಳೆ ಬಿದ್ದಾಗ ಮತ್ತೆ ದಕ್ಷಿಣಕ್ಕೆ. ಅಂದರೆ ಯಾವ ತಿಂಗಳಲ್ಲಿ ಹೋದರೂ ಹಿಂಡು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ನೀವು ಹೋಗುವ ತಿಂಗಳಿಗೆ ಆ 'ಎಲ್ಲೋ' ಯಾವುದು ಅಂತ ಹುಡುಕಿ, ಅದರ ಹತ್ತಿರವೇ ಮಲಗುವ ವ್ಯವಸ್ಥೆ ಮಾಡಿಕೊಳ್ಳಬೇಕು. ಮಿಕ್ಕ ಪ್ಲ್ಯಾನ್ ಎಲ್ಲ ಇದರ ಹಿಂದೆ.

ಇಷ್ಟು ಗೊತ್ತಾದ ಮೇಲೆ ಕೀನ್ಯಾನೋ ಟಾಂಜಾನಿಯಾನೋ ಅನ್ನುವ ಪ್ರಶ್ನೆ. ಮಾರಾ ನದಿ ಎರಡೂ ದೇಶಗಳಲ್ಲಿ ಹರಿಯುತ್ತದೆ. ಕೀನ್ಯಾದ ಕಡೆ ಮಸಾಯಿ ಮಾರಾ ರಕ್ಷಿತಾರಣ್ಯ, ಸುಮಾರು 1,510 ಚದರ ಕಿ.ಮೀ. ಟಾಂಜಾನಿಯಾದ ಕಡೆ ಸೆರೆಂಗೆಟಿ, 14,763 ಚದರ ಕಿ.ಮೀ. ಅದರ ಉತ್ತರದ ತುದಿಯಲ್ಲಿ ಕೋಗಾಟೆಂಡೆ. ಮಾರಾಕ್ಕೆ ನೈರೋಬಿಯಿಂದ ಹೋಗುವುದು ಸುಲಭ, ಅದು ನಿಜ. ಆದರೆ 2024ರಿಂದ ಜುಲೈ-ಡಿಸೆಂಬರ್ ನಡುವೆ ಅಲ್ಲಿನ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ ದಿನಕ್ಕೆ 200 ಡಾಲರ್. ಅದೂ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ. ಸೆರೆಂಗೆಟಿಯಲ್ಲಿ 70 ಡಾಲರ್, ಅದರ ಮೇಲೆ ಶೇ. 18 ವ್ಯಾಟ್, 24 ಗಂಟೆ ಲೆಕ್ಕ. ಪಾರ್ಕ್ ಒಳಗೇ ತಂಗಿದರೆ ರಾತ್ರಿಗೊಂದು ಬೇರೆ ಶುಲ್ಕ ಸೇರುತ್ತದೆ. ಆದರೂ ತಲೆ ಎಣಿಸಿ ಗುಣಿಸಿದಾಗ ನಮಗೆ ಟಾಂಜಾನಿಯಾ ಹಿಡಿಸಿತು.

ಎರಡನ್ನೂ ಒಂದೇ ಸಲ ನೋಡಿಬಿಡೋಣ ಅಂತ ಅನ್ನಿಸುತ್ತದೆ, ಅಲ್ವಾ? ಮ್ಯಾಪಿನಲ್ಲಿ ಎರಡೂ ಅಂಟಿಕೊಂಡೇ ಇವೆ. ಆದರೆ ಪ್ರವಾಸಿಗರು ಮಾರಾದಿಂದ ಸೆರೆಂಗೆಟಿಗೆ ನೇರ ಗಾಡಿಯಲ್ಲಿ ದಾಟುವಂತಿಲ್ಲ. ಪಶ್ಚಿಮಕ್ಕೆ ಇಸೆಬಾನಿಯಾ ಗಡಿಯವರೆಗೆ ಸುತ್ತಿಕೊಂಡು ಬರಬೇಕು. ಹೆಚ್ಚುಕಮ್ಮಿ ಒಂದು ದಿನ ಅದಕ್ಕೇ ಹೋಗುತ್ತದೆ. ವಿಲ್ಡಬೀಸ್ಟ್‌ಗೆ ಮಾತ್ರ ಪಾಸ್‌ಪೋರ್ಟ್ ಬೇಡ.

ಬುಕಿಂಗ್‌ಗೆ ಟಾಂಜಾನಿಯಾದ ಆರುಷಾ ಊರಿನ ಕೆಲವು ಸಫಾರಿ ಆಪರೇಟರ್‌ಗಳಿಗೆ ನೇರವಾಗಿ ಮೇಲ್ ಮಾಡಿದೆವು. ಬಂದ ಕೊಟೇಶನ್‌ಗಳನ್ನು ಸುಮ್ನೆ ಮೊತ್ತ ನೋಡಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಪಾರ್ಕ್ ಶುಲ್ಕ ಸೇರಿದೆಯಾ, ವ್ಯಾಟ್ ಸೇರಿದೆಯಾ ಅಂತ ಒಂದೊಂದಾಗಿ ಕೇಳಬೇಕು. ಆರುಷಾದಿಂದ ಸೆರೆಂಗೆಟಿಗೆ ಹೋಗುವ ದಾರಿ ಗೊರೊಂಗೊರೊ ಸಂರಕ್ಷಿತ ಪ್ರದೇಶದ ಮೂಲಕ ಹಾದುಹೋಗುತ್ತದೆ. ಅಲ್ಲಿ ಇಳಿಯದೆ ಸುಮ್ಮನೆ ದಾಟಿದರೂ ಶುಲ್ಕ ಕಟ್ಟಬೇಕು. ಕೆಲವರು ಇದನ್ನು ಕೊಟೇಶನ್‌ನಲ್ಲಿ ಹಾಕಿರುವುದಿಲ್ಲ. ಇನ್ನೊಂದು ಪ್ರಶ್ನೆ: ಗಾಡಿ ನಮ್ಮದೊಂದೇ ಗುಂಪಿಗಾ, ಬೇರೆಯವರ ಜೊತೆಯಾ? ಸಫಾರಿಯಲ್ಲಿ ಗಾಡಿ, ಗೈಡ್, ಡೀಸೆಲ್ ಖರ್ಚು ಎಷ್ಟು ಜನ ಕೂತರೂ ಒಂದೇ. ಅದಕ್ಕೇ ನಮ್ಮ ಭಾವನವರ ಮನೆಯವರನ್ನೂ ಸೇರಿಸಿಕೊಂಡು ಒಂದೇ ಲ್ಯಾಂಡ್ ಕ್ರೂಸರ್ ಮಾಡಿಕೊಂಡೆವು. ಮೇಲಿನ ಚಾವಣಿ ಎತ್ತುವ ಗಾಡಿ, ಎಲ್ಲರಿಗೂ ಕಿಟಕಿ ಸೀಟು. ಕಿಟಕಿ ಸೀಟಿನ ಮಾತನ್ನು ಬರಹದಲ್ಲೇ ಪಡೆದೆವು.

ಒಬ್ಬ ಆಪರೇಟರ್ 'ರಿವರ್ ಕ್ರಾಸಿಂಗ್ ಗ್ಯಾರಂಟಿ' ಅಂತ ಬರೆದಿದ್ದರು. ಅವರನ್ನು ಅಲ್ಲೇ ಬಿಟ್ಟೆವು. ಹಿಂಡು ಯಾವಾಗ ದಾಟುತ್ತದೆ ಅನ್ನುವುದು ಹಿಂಡಿಗೇ ಗೊತ್ತಿರುವುದಿಲ್ಲ! ಇನ್ನೊಬ್ಬರ ಪಟ್ಟಿಯಲ್ಲಿ ತರಂಗಿರೆ, ಮನ್ಯಾರಾ, ಗೊರೊಂಗೊರೊ, ಸೆರೆಂಗೆಟಿಯ ನಡುಭಾಗದ ಸೆರೊನೆರಾ, ಕೋಗಾಟೆಂಡೆ ಎಲ್ಲ ಇದ್ದವು, ಎಲ್ಲ ಕಡೆ ಒಂದೊಂದು ರಾತ್ರಿ. ಓದುವುದಕ್ಕೆ ಚೆಂದ. ಆದರೆ ನದಿ ದಾಟುವುದನ್ನು ನೋಡಲು ಬೇಕಾಗಿರುವುದು ಕಾಯುವ ಸಮಯ. ಉತ್ತರದಲ್ಲಿ ಕನಿಷ್ಠ ಮೂರು ರಾತ್ರಿ ಇರಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದಕ್ಕಾಗಿ ಬೇರೆ ಪಾರ್ಕ್ ಬಿಡಬೇಕಾದರೆ ಬಿಡಿ. ನಾವು ತರಂಗಿರೆ, ಮನ್ಯಾರಾ ಎರಡನ್ನೂ ಬಿಟ್ಟೆವು. ಕಬಿನಿಯಲ್ಲಿ ಆನೆ ಹಿಂಡು ಕಣ್ತುಂಬ ನೋಡಿರುವವರಿಗೆ ತರಂಗಿರೆಯ ಆನೆಗಳು ಇನ್ನೊಂದು ಸಲಕ್ಕೆ ಕಾಯಬಹುದು.

ಅಮ್ಮನಿಗೆ ಎಪ್ಪತ್ತು ದಾಟಿದೆ. ಅವರ ಸೊಂಟದ ಲೆಕ್ಕ ಹಾಕಿಯೇ ಹೋಗುವಾಗ ರಸ್ತೆ, ಬರುವಾಗ ಸಣ್ಣ ವಿಮಾನ ಅಂತ ಮಾಡಿಕೊಂಡೆವು. ಬೆಂಗಳೂರಿನಿಂದ ಅಡಿಸ್ ಅಬಾಬಾ, ಅಲ್ಲಿಂದ ಕಿಲಿಮಂಜಾರೊ ಏರ್‌ಪೋರ್ಟ್. ಆರುಷಾದಲ್ಲಿ ಒಂದು ರಾತ್ರಿ ಸುಧಾರಿಸಿಕೊಂಡು, ಗೊರೊಂಗೊರೊ, ಸೆರೊನೆರಾದಲ್ಲಿ ತಂಗುತ್ತಾ ಮೇಲೆ ಹೋದೆವು. ಕೊನೆಗೆ ಕೋಗಾಟೆಂಡೆಯ ಮಣ್ಣಿನ ಏರ್‌ಸ್ಟ್ರಿಪ್‌ನಿಂದ ಆರುಷಾಗೆ ವಾಪಸ್. ಈ ವಿಮಾನಗಳಲ್ಲಿ ಒಬ್ಬರಿಗೆ 15 ಕೆ.ಜಿ. ಮಾತ್ರ, ಕೈಚೀಲವೂ ಸೇರಿ. ಗಟ್ಟಿ ಸೂಟ್‌ಕೇಸ್ ಒಯ್ಯುವಂತಿಲ್ಲ, ಬಟ್ಟೆಯ ಬ್ಯಾಗೇ ಆಗಬೇಕು. ಮನೆಯ ತಕ್ಕಡಿಯಲ್ಲಿ ತೂಗಿಯೇ ಹೊರಟೆವು.

ಕಾಗದಪತ್ರದ ಕೆಲಸ ಬೇಗ ಮುಗಿಯಿತು. ಟಾಂಜಾನಿಯಾ ವೀಸಾ ಆನ್‌ಲೈನ್‌ನಲ್ಲೇ, 50 ಡಾಲರ್. ಹಳದಿ ಜ್ವರದ ಲಸಿಕೆ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಹಾಕಿಸಿಕೊಂಡು ಹತ್ತು ದಿನ ಆದ ಮೇಲೆ ಕಾರ್ಡ್ ಚಾಲ್ತಿಗೆ ಬರುತ್ತದೆ, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೊಂದರೆಯಾಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ಹಾಗಾಗಿ ಅಮ್ಮನನ್ನು ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಕೇಳಿದೆವು. ಮಲೇರಿಯಾ ಮಾತ್ರೆಯ ಮಾತೂ ಅಲ್ಲೇ ಆಯಿತು. ಡಾಲರ್ ನೋಟು ತೆಗೆದುಕೊಳ್ಳುವಾಗ ಮೇಲೆ ಅಚ್ಚಾಗಿರುವ ಇಸವಿ ನೋಡಿ. 2006ಕ್ಕಿಂತ ಹಳೆಯದನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಚೀಲ 2019ರಿಂದ ನಿಷೇಧ. ಚಟ್ನಿಪುಡಿ, ಮೆಂತ್ಯದ ಹಿಟ್ಟು ಸ್ಟೀಲ್ ಡಬ್ಬಿಯಲ್ಲಿ ಹೋದವು.

ಊಟದ ಭಯ ಬೇಡ. ಚಪಾತಿ ಅಲ್ಲಿಯವರದೇ ಊಟ ಆಗಿಹೋಗಿದೆ, ಕರೆಯುವುದೂ ಚಪಾತಿ ಅಂತಲೇ. ಹುರುಳಿಕಾಯಿ ಬೀಜದ ಸಾರು, ಸೊಪ್ಪಿನ ಪಲ್ಯ, ಅನ್ನ ಎಲ್ಲ ಕಡೆ ಸಿಗುತ್ತದೆ. ಸಸ್ಯಾಹಾರಿಗಳಾದರೆ ಮೊಟ್ಟೆ, ಮೀನು ಕೂಡ ಬೇಡ ಅಂತ ಮಾತ್ರ ಆಪರೇಟರ್‌ಗೆ ಬಿಡಿಸಿ ಬರೆಯಿರಿ. ಬಟ್ಟೆಯಲ್ಲಿ ಕಡುನೀಲಿ, ಕಪ್ಪು ಬೇಡ, ಸೆಟ್ಸೆ ನೊಣಗಳು ಆ ಬಣ್ಣಗಳಿಗೆ ಮುತ್ತುತ್ತವೆ. ಕಚ್ಚಿದರೆ ಪ್ಯಾಂಟಿನ ಮೇಲಿಂದಲೂ ಚುರ್ ಅನ್ನುತ್ತದೆ. ಮತ್ತೆ ಸ್ವೆಟರ್! ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚು 2,000 ಮೀಟರ್‌ಗಿಂತ ಎತ್ತರ, ಬೆಳಗಿನ ಜಾವ ಹಲ್ಲು ಕಟಕಟ.

ಕೋಗಾಟೆಂಡೆಯಲ್ಲಿ ನಾವಿದ್ದದ್ದು ಹಿಂಡಿನ ಜೊತೆ ಜಾಗ ಬದಲಿಸುವ ಟೆಂಟ್ ಕ್ಯಾಂಪ್. ಬೇಲಿ ಇಲ್ಲ. ಕತ್ತಲಾದ ಮೇಲೆ ಕಾವಲಿನವರನ್ನು ಕರೆಯದೆ ಟೆಂಟಿನಿಂದ ಹೊರಗೆ ಕಾಲಿಡುವಂತಿಲ್ಲ. ಸ್ನಾನಕ್ಕೆ ಹೇಳಿದರೆ ಹೊರಗಿನ ಬಕೆಟ್‌ಗೆ ಬಿಸಿನೀರು ತುಂಬಿ ಹಗ್ಗದಿಂದ ಮೇಲೆತ್ತುತ್ತಾರೆ. ಅಮ್ಮನಿಗೆ ಇಡೀ ಪ್ರವಾಸದಲ್ಲಿ ತುಂಬಾ ಇಷ್ಟವಾಗಿದ್ದು ಆ ಸ್ನಾನವೇ.

ಕಬಿನಿ, ಬಂಡೀಪುರದಲ್ಲಿ ಸಫಾರಿ ಅಂದರೆ ಬೆಳಿಗ್ಗೆ ಒಂದಿಷ್ಟು ಗಂಟೆ, ಸಂಜೆ ಒಂದಿಷ್ಟು ಗಂಟೆ. ಇಲ್ಲಿ ಹೊರಟರೆ ಇಡೀ ದಿನ, ಊಟದ ಡಬ್ಬಿ ಗಾಡಿಯಲ್ಲೇ. ನಡುವೆ ಇಳಿಯುವಂತಿಲ್ಲ. ನಮ್ಮ ಗೈಡ್ ಬಯಲು ಜಾಗ ನೋಡಿ, ಸುತ್ತ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು 'ಬೀಬಿ, ಈಗ ಹೋಗಿ ಬನ್ನಿ' ಅನ್ನುತ್ತಿದ್ದರು. ಬೀಬಿ ಅಂದರೆ ಸ್ವಾಹಿಲಿಯಲ್ಲಿ ಅಜ್ಜಿ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಈ ಶೌಚದ ವಿಷಯವನ್ನು ಗೈಡ್ ಜೊತೆ ಮೊದಲ ದಿನವೇ ನಾಚಿಕೆ ಬಿಟ್ಟು ಮಾತಾಡಿಕೊಳ್ಳಿ.

ಹಿಂಡು ಆಗ ನದಿಯ ಆಚೆ ದಡದಲ್ಲಿತ್ತು, ದಕ್ಷಿಣಕ್ಕೆ ಮುಖ ಮಾಡಿ. ಗೈಡ್ ಗಾಡಿಯನ್ನು ದಡದಿಂದ ದೂರ, ಪೊದೆಗಳ ಹಿಂದೆ ನಿಲ್ಲಿಸಿ ಎಂಜಿನ್ ಆರಿಸಿದರು. ಮೊದಲ ಪ್ರಾಣಿಗಳು ನೀರಿಗಿಳಿಯುವವರೆಗೆ ಯಾರೂ ಮುಂದೆ ಹೋಗಬಾರದು. ಗಾಡಿಗಳು ದಡ ತುಂಬಿದರೆ ಹಿಂಡು ಹೆದರಿ ತಿರುಗಿ ಹೋಗುತ್ತದೆ. 2025ರ ಜುಲೈನಲ್ಲಿ ಇದೇ ಕೋಗಾಟೆಂಡೆಯಲ್ಲಿ ಪ್ರವಾಸಿಗರು ಗಾಡಿಯಿಂದ ಇಳಿದು ದಡದಲ್ಲೇ ನಿಂತ ವಿಡಿಯೋ ಎಲ್ಲೆಲ್ಲೂ ಹರಿದಾಡಿತ್ತು. ಹಾಗಾಗಿ ಹತ್ತಿರ ಹೋಗಿ ಅಂತ ಗೈಡ್‌ಗೆ ಒತ್ತಾಯ ಮಾಡುವುದಿಲ್ಲ ಅಂತ ನಾವು ಮೊದಲೇ ಹೇಳಿದ್ದೆವು. ಅವರಿಗೆ ಅದು ಸಮಾಧಾನ ತಂದಿತು ಅನ್ನಿಸುತ್ತದೆ.

ಜೀಬ್ರಾಗಳು ಮೊದಲು ಇಳಿದು ಬಂದವು. ನೀರು ಮೂಸಿದವು, ಕುಡಿದವು, ಒಂದಕ್ಕೆ ಏನೋ ಅನುಮಾನ ಬಂದು ಕೂಗಿತು. ಎಲ್ಲ ಮೇಲಕ್ಕೆ ಓಟ. ಅವುಗಳ ಹಿಂದಿದ್ದ ವಿಲ್ಡಬೀಸ್ಟ್‌ಗಳೂ ಓಟ. ಅರ್ಧ ಗಂಟೆ ಹುಲ್ಲು ಮೇಯುತ್ತಾ ನಿಂತವು, ಮತ್ತೆ ಇಳಿದವು, ಮತ್ತೆ ಓಟ. ಹೀಗೆಯೇ ಮಧ್ಯಾಹ್ನ ಆಯಿತು. ಕೆಲವು ಗಾಡಿಗಳು ಬೇಸತ್ತು ಹೊರಟವು. ಭಾವನವರು ನಿದ್ದೆ ಹೊಡೆದರು. ಅಷ್ಟು ಹೊತ್ತೂ ಆಚೆ ದಡದಿಂದ ಗೊಟರು ದನಿ, ಮಳೆಗಾಲದ ಗದ್ದೆಯ ಕಪ್ಪೆಗಳ ಹಾಗೆ, ನಿಲ್ಲದೆ.

ಆಮೇಲೆ ಒಂದು ವಿಲ್ಡಬೀಸ್ಟ್ ಸುಮ್ನೆ ನೀರಿಗೆ ನಡೆಯಿತು. ಅದಕ್ಕೆ ವಿಶೇಷ ಧೈರ್ಯ ಇದ್ದಂತೆ ಕಾಣಲಿಲ್ಲ, ಹಿಂದಿನಿಂದ ನೂಕುನುಗ್ಗಲಿತ್ತು. ಅದರ ಹಿಂದೆ ಒಂದು ಸಾಲು, ಸಾಲು ಅಗಲವಾಯಿತು, ದಡದ ಮಣ್ಣು ಕುಸಿದು ಧೂಳೆದ್ದು ಮೇಲಿನವು ಕಾಣದಾದವು. ಗೈಡ್ ಆಗ ಗಾಡಿ ಮುಂದೆ ತಂದರು. ಒದ್ದೆಯಾದ ಪ್ರಾಣಿಗಳು ನಮ್ಮ ಪಕ್ಕದಿಂದಲೇ ಉಸಿರು ಬಿಡುತ್ತಾ ಮೇಲೆ ಹತ್ತಿದವು. ಒಂದು ಮರಿ, ಫೆಬ್ರವರಿಯಲ್ಲಿ ಹುಟ್ಟಿದ್ದಿರಬೇಕು, ಕೊಂಬು ಇನ್ನೂ ಪುಟ್ಟದು, ನೆಟ್ಟಗೆ. ಹತ್ತಿ ಬಂದು ಪ್ರತಿ ಹೆಣ್ಣನ್ನೂ ಮೂಸಿತು. ತಾಯಿ ಸಿಗಲಿಲ್ಲ. ತಿರುಗಿ ನೀರಿಗೇ ಇಳಿಯಿತು, ಬರುವವುಗಳ ಎದುರಿಗೆ. 'ಅಪ್ಪಾ, ಅದನ್ನ ಯಾರಾದ್ರೂ ತಡೀರಿ' ಅಂತ ಮಗಳು. ಮೊಸಳೆ ದಾಳಿ ನಾವು ನೋಡಲಿಲ್ಲ. ತಿಂಗಳುಗಟ್ಟಲೆ ತಿಂದು ತುಂಬಿದ ಹೊಟ್ಟೆಯಲ್ಲಿ ಅವು ಮರಳ ಮೇಲೆ ಮಲಗಿದ್ದವು. ಕೆಳಗಿನ ತಿರುವಿನಲ್ಲಿ ಹೆಣಗಳು ಬಂಡೆಗೆ ಸಿಕ್ಕಿ ಊದಿದ್ದವು, ಮೇಲೆ ರಣಹದ್ದು, ಮರಾಬೂ ಕೊಕ್ಕರೆ. ಮಾರಾ ನದಿಯಲ್ಲಿ ವರ್ಷಕ್ಕೆ ಸರಾಸರಿ ಆರು ಸಾವಿರಕ್ಕೂ ಹೆಚ್ಚು ವಿಲ್ಡಬೀಸ್ಟ್ ಮುಳುಗಿ ಸಾಯುತ್ತವೆ. ವಾಸನೆ ಫೋಟೋದಲ್ಲಿ ಬರುವುದಿಲ್ಲ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಇಷ್ಟು ದೊಡ್ಡ ಹಿಂಡು ಅನಾದಿಯಿಂದ ಹೀಗೇ ಇತ್ತು ಅಂತ ನಾನು ಅಂದುಕೊಂಡಿದ್ದೆ. ಗೈಡ್ ಬೇರೆಯೇ ಹೇಳಿದರು. 1960ರ ದಶಕದ ಆರಂಭದಲ್ಲಿ ಇಲ್ಲಿ ಇದ್ದದ್ದು ಎರಡೂವರೆ ಲಕ್ಷದಷ್ಟು ಮಾತ್ರ. ದನಗಳಿಂದ ಬಂದ ರಿಂಡರ್‌ಪೆಸ್ಟ್ ಅನ್ನುವ ಸಾಂಕ್ರಾಮಿಕ ರೋಗ ಅವನ್ನು ಅದುಮಿ ಇಟ್ಟಿತ್ತು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡಿನಲ್ಲೂ ರೋಗ ನಿಂತಿತು. 1977ರ ಹೊತ್ತಿಗೆ ಹಿಂಡು ಹದಿಮೂರು ಲಕ್ಷ ಮುಟ್ಟಿತು. ಅಮ್ಮ ತಕ್ಷಣ 'ನಮ್ಮ ಕಡೆ ಕಾಟಿಗಳು ಸತ್ತಿದ್ದು ಅದರಿಂದಲೇ ಅಲ್ವೇನೋ?' ಅಂದರು. ಹೌದು, 1968ರಲ್ಲಿ ಬಂಡೀಪುರದ ಕಾಟಿಗಳನ್ನು ಮಲಗಿಸಿದ್ದು ಇದೇ ರೋಗ. ಅದನ್ನು ಕೇಳಿ ಗೈಡ್ ಗಾಡಿ ಓಡಿಸುತ್ತಲೇ ಬಂಡೀಪುರದ ಬಗ್ಗೆ ಪ್ರಶ್ನೆ ಶುರು ಮಾಡಿದರು. ಸಂಜೆವರೆಗೂ ಅಮ್ಮ ಹೇಳುವುದು, ಮಗಳು ಇಂಗ್ಲಿಷ್ ಮಾಡುವುದು.

ಖರ್ಚು ಉಳಿಸಬೇಕು ಅಂದರೆ ಎಲ್ಲಿ ಕಡಿತ ಮಾಡಬಹುದು ಅಂತ ಕೇಳುವವರಿಗೆ: ಗೊರೊಂಗೊರೊ ಕುಳಿಯೊಳಗೆ ಇಳಿಯುವುದಕ್ಕೆ ಗಾಡಿಗೆ 250 ಡಾಲರ್ ಮತ್ತು ವ್ಯಾಟ್, ತಲೆ ಶುಲ್ಕ ಬೇರೆ. ಮೇಲಿನ ಅಂಚಿನಲ್ಲಿ ನಿಂತು ನೋಡಿ ಮುಂದೆ ಹೋಗಬಹುದು. ದೊಡ್ಡ ಲೆನ್ಸ್ ಬಾಡಿಗೆಗೆ ತರುವುದೂ ಬೇಡ. ಆ ದುಡ್ಡಿಗೆ ಇನ್ನೊಂದು ಬೈನಾಕ್ಯುಲರ್ ತನ್ನಿ. ಗಾಡಿಗೆ ಒಂದೇ ಇದ್ದರೆ ಕಿತ್ತಾಟ ಗ್ಯಾರಂಟಿ. ಗೈಡ್ ಟಿಪ್ಸ್‌ಗೆ ಮಾತ್ರ ಕೈ ಹಾಕಬೇಡಿ. ಗಾಡಿಯೊಂದಕ್ಕೆ ದಿನಕ್ಕೆ 20 ಡಾಲರ್ ಆಸುಪಾಸು ಕೊಡುವ ರೂಢಿ ಇದೆ. ನಾವು ಕವರಿನಲ್ಲಿ ಹಾಕಿ ಕೊಟ್ಟೆವು. ಅಮ್ಮ ಅದರ ಜೊತೆ ಉಳಿದಿದ್ದ ಚಟ್ನಿಪುಡಿ ಡಬ್ಬಿಯನ್ನೂ ಕೊಟ್ಟರು. ಚಪಾತಿಗೆ ಚೆನ್ನಾಗಿರುತ್ತದೆ ಅಂತ ಗೈಡೇ ಕೇಳಿದ್ದರಂತೆ.